ಬಳೆಗಾರ್ತಿ ಅಕ್ಕನ ದನಿ

ನಮ್ಮ ರುಕ್ಮಿಣಿ ಅಕ್ಕ ಬಳೆ ತೊಡಿಸುವಾಗ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು. ಮಾತಿಗೆಳೆದರೆ ಕೈ ತಾನಾಗಿ ಸಡಿಲುತ್ತದೆ, ಬಳೆ ಒಡೆಯದೆ ಏರುತ್ತದೆ ಎನ್ನುವುದು ಅವಳ ಕಸುಬಿನ ಗುಟ್ಟು. ಭಾಲ್ಕಿಯ ಅವಳ ಅಂಗಡಿಯಲ್ಲಿ ಬೈಗುಳಕ್ಕೆ ಮರಾಠಿ, ಚೌಕಾಸಿಗೆ ದಖನಿ ಉರ್ದು, ನಗಿಸುವುದಕ್ಕೆ ಕನ್ನಡ. “ನಿನ್ನ ಗಂಡನ ಮೀಸಿ ಹ್ಯಾಂಗದವ್ವ? ಕುಡಗೋಲೋ, ಕಸಬರಗಿಯೋ?” ಎಂದು ಕೇಳಿ, ಎದುರಿನವಳು ನಗುವಷ್ಟರಲ್ಲಿ ಮುಂಗೈ ತುಂಬಿರುತ್ತಿತ್ತು.

ಅಂಥವಳಿಗೆ ಗಂಟಲಲ್ಲಿ ಗಡ್ಡೆಯಾಯಿತು. ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು. ಆಪರೇಶನ್ನಿಗೆ ಮೊದಲು ಅಕ್ಕ ಮಗಳು ಮೀನಾಳನ್ನು ಕೂರಿಸಿಕೊಂಡು ತನ್ನ ಮಾತುಗಳನ್ನೆಲ್ಲ ಟ್ಯಾಬಿನ ಒಂದು ಆ್ಯಪ್‌ಗೆ ತುಂಬಿಸಿದಳು. ಒಂದೊಂದು ಚಿತ್ರ ಒತ್ತಿದರೆ ಒಂದೊಂದು ಮಾತು, ಅವಳದೇ ದನಿಯಲ್ಲಿ. ಅಂಗಡಿ ಮತ್ತೆ ನಡೆಯಿತು.

ಅದನ್ನು ಕೆಡಿಸಿದವನು ನಾನು, ಅವಳ ತಮ್ಮ. ನಾನು ಓದಿದ್ದು ನಾಲ್ಕನೇ ಇಯತ್ತೆ. ಒಂದು ದಿನ ಅಕ್ಕ ಒಳಗಿದ್ದಾಗ ಟ್ಯಾಬಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಗಿರಾಕಿಗಳ ಮುಂದೆ ಓದಲು ಬರುವುದಿಲ್ಲ ಎನ್ನಲು ನಾಚಿಕೆಯಾಗಿ, ಬಲ್ಲವನಂತೆ ಒತ್ತಿಬಿಟ್ಟೆ. ಅದು ಅಪ್‌ಡೇಟ್. ಹೊಸ ಸಿಸ್ಟಮ್ಮಿನಲ್ಲಿ ಆ ಹಳೆಯ ಆ್ಯಪ್ ತೆರೆಯಲೇ ಇಲ್ಲ. ಅವಳೇ ಏನೋ ಒತ್ತಿರಬೇಕೆಂದು ಅಕ್ಕ ಮೀನಾಳನ್ನು ದುರುಗುಟ್ಟಿ ನೋಡಿದಳು, ಹುಡುಗಿ ಅತ್ತಳು. ನಾನು ತಲೆ ಬಗ್ಗಿಸಿ ಬಳೆ ಒರೆಸುತ್ತ ಕುಳಿತೆ. ಆ ಅಳು ನನ್ನನ್ನು ಇಂದಿಗೂ ಬಿಟ್ಟಿಲ್ಲ.

“ಹೊಸಾ ಸಿಸ್ಟಂ ತೆಗ್ದು ಹಳೀದ್ ಹಾಕ್ಬೋದ್ರಿ,” ಎಂದ ಬೀದರಿನ ಮೊಬೈಲ್ ರಿಪೇರಿಯವನು, ನಾವು ಮೂವರೂ ಅವನ ಅಂಗಡಿಗೆ ಹೋದಾಗ. “ಆದ್ರ ಟ್ಯಾಬ್ ಪೂರಾ ಖಾಲಿ ಆಗ್ತದ. ಮೊದ್ಲ ದನಿ ಹೊರಗ ತಕ್ಕೋಬೇಕು. ಅದು ಸಿಗ್ಲಿಲ್ಲಂದ್ರ ಹೋತು. ಅಪ್‌ಡೇಟ್ ಯಾರ್ ಒತ್ತೀರಿ?”

“ನಾ ಅಲ್ರಿ,” ಎಂದಳು ಮೀನಾ.

“ನಾ ಒತ್ತೀನಿ ಅಕ್ಕಾ,” ಎಂದೆ. “ಓದ್ಲಾಕ ಬರಲ್ಲ ಅಂತ ಹೇಳ್ಲಾಕ ಶರಮ್ ಬಂತು.”

ಅಕ್ಕ ನನ್ನ ನೆತ್ತಿಗೊಂದು ಬಿಟ್ಟಳು. ಮೀನಾಳ ಕೆನ್ನೆ ಸವರಿದಳು. ಆಮೇಲೆ ರಿಪೇರಿಯವನಿಗೆ, ನಡೆಸು ಎಂದು ಕೈ ಆಡಿಸಿದಳು.

ಅವನು ದನಿಯ ಫೈಲುಗಳನ್ನು ಹುಡುಕಿ ಕಂಪ್ಯೂಟರಿಗೆ ಇಳಿಸಿಕೊಂಡ. ಟ್ಯಾಬ್ ಅಳಿಸಿ ಹಳೆಯ ಸಿಸ್ಟಮ್ ಹಾಕಿದ. ಪರದೆ ಕಪ್ಪಾಗಿಯೇ ಇತ್ತು. ಅಕ್ಕ ಉಗುರು ಊರುವಷ್ಟು ಬಿಗಿಯಾಗಿ ನನ್ನ ಮುಂಗೈ ಹಿಡಿದಿದ್ದಳು. ಕೊನೆಗೆ ಬೆಳಕು ಬಂತು. ಆ್ಯಪ್ ಹಾಕಿ, ದನಿಗಳನ್ನು ಮರಳಿ ತುಂಬಿ, ಮೊದಲ ಚಿತ್ರ ಒತ್ತಿದ.

“ಏ ಕೋಡಂಗಿ, ಬಾಗಲದಾಗ ಯಾಕ ನಿಂತೀದಿ? ಗಿರಾಕಿಗೆ ದಾರಿ ಬಿಡು!”

ಬಾಗಿಲಲ್ಲಿ ನಿಂತಿದ್ದವರೆಲ್ಲ ಗಾಬರಿಯಾಗಿ ಸರಿದು ನಿಂತರು. ಅಕ್ಕ ಟ್ಯಾಬನ್ನು ತಲೆಯ ಮೇಲೆತ್ತಿ ಹಿಡಿದು ಕುಣಿದೇಬಿಟ್ಟಳು.

ಅಕ್ಕ ಈಗ ಇಲ್ಲ. ಅವಳ ಕೆಲಸವನ್ನು ನಾನು ಕಡೆಯ ಸಲ ನೋಡಿದ್ದು ಔರಾದಿನ ಒಂದು ಮದುವೆ ಮನೆಯಲ್ಲಿ. ಮದುಮಗಳು ಹೆದರಿ ಮುಷ್ಟಿ ಕಟ್ಟಿಕೊಂಡಿದ್ದಳು. ಅಕ್ಕ ಚಿತ್ರ ಒತ್ತಿದಳು: “ಮುಟಗಿ ಬಿಡು ತಂಗಿ, ಅದು ಅತ್ತಿ ಮನ್ಯಾಗ ಬೇಕಾಗ್ತದ!” ಹುಡುಗಿ ಕಿಲಕಿಲ ನಕ್ಕಳು. ಹಸಿರು ಬಳೆಗಳು ಒಂದರ ಹಿಂದೊಂದು ಏರಿದವು, ಒಂದೂ ಒಡೆಯಲಿಲ್ಲ. ಅತ್ತೆಯಾಗುವವಳೂ ನಗುತ್ತ ಬಂದು ಸಾಲಿನಲ್ಲಿ ಕುಳಿತಳು. ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ಇನ್ನೊಂದು ಚಿತ್ರ ಒತ್ತಿದಳು.

“ಮುಂದ ಯಾರ್ ಬರ್ತೀರಿ? ಕೈ ಕೊಡ್ರಿ!”