ಮೊಣಕಾಲುದ್ದ ನೀರಿನ ಪಾಠ

ಖಾಕಿ ಚಡ್ಡಿಗೂ ಉಣ್ಣೆಯ ಕಾಲುಚೀಲಕ್ಕೂ ನಡುವೆ ಅಂಗೈಯಗಲ ಕಾಣುತ್ತಿದ್ದ ಮೇಷ್ಟ್ರ ಮೊಣಕಾಲುಗಳ ಮೇಲೆ ನೆತ್ತರು ಹೀರುವ ಇಂಬಳ ಕಚ್ಚಿದ ಕಲೆಗಳು ರಾಗಿ ಚೆಲ್ಲಿದ ಹಾಗೆ ಹರಡಿಕೊಂಡಿದ್ದವು. ಕೆಲವು ಹಳೆಯವು, ಕಪ್ಪಗೆ ಗಟ್ಟಿಯಾದವು. ಕೆಲವು ಆ ವರ್ಷದ ಮಳೆಗಾಲದವು, ಇನ್ನೂ ಕೆಂಪು. ನಮ್ಮ ಕಡೆ ಮೇಷ್ಟ್ರು ಅಂದರೆ ಕಚ್ಚೆಪಂಚೆ, ಕರಿಕೋಟು, ತಲೆಗೆ ಪೇಟ. ಐವತ್ತು ದಾಟಿದ, ಮೀಸೆ ನರೆತ, ಮಿಡ್ಲ್ ಸ್ಕೂಲಿನಲ್ಲಿ ಭೂಗೋಳ ಹೇಳುವ ಮನುಷ್ಯ ಚಡ್ಡಿ ಹಾಕಿಕೊಂಡು ಬಿಸಿಲಲ್ಲಿ ನಿಂತಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಬುಟ್ಟಿ ಹೊತ್ತು ಹೋಗುತ್ತಿದ್ದ ತೋಟದ ಹೆಣ್ಣಾಳುಗಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮೇಷ್ಟ್ರೂ ನಕ್ಕು ನಮ್ಮ ಕಡೆ ತಿರುಗಿದರು.

"ನಗ್ಲಿ ಬಿಡಿ. ನಾಳೆ ನೀವೂ ಇದನ್ನೇ ಹಾಕ್ಕೊಳ್ಳೋದು. ಆಗ ನಗೋಕೆ ನಾನೂ ಇರ್ತೀನಿ."

ಅದು ಸ್ಕೌಟು ದಳ ನಡೆಸುವ ಹಿರಿಯರಿಗಾಗಿ ಏರ್ಪಟ್ಟ ತರಬೇತಿ ಶಿಬಿರ. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರದ ಕಾಲ. ಮೂಡಿಗೆರೆಯಿಂದ ಜಾವಳಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಎಸ್ಟೇಟಿನವರು ತಮ್ಮ ಕಾಫಿ ಒಣಗಿಸುವ ಕಣವನ್ನು ದಸರಾ ರಜೆಗೆ ಬಿಟ್ಟುಕೊಟ್ಟಿದ್ದರು. ಹಣ್ಣು ಕೊಯ್ಲಿಗೆ ಇನ್ನೂ ಸಮಯವಿತ್ತು, ಕಣ ಖಾಲಿಯಿತ್ತು. ನಾನು ಮೂಡಿಗೆರೆಯ ಸ್ಕೂಲಿಗೆ ಹೊಸದಾಗಿ ಸೇರಿದ್ದೆ. "ನೀನು ಚಿಕ್ಕವನು, ಓಡಾಡ್ತೀಯ, ಸ್ಕೌಟು ನೀನೇ ನೋಡ್ಕೋ" ಎಂದು ಹೆಡ್‌ಮೇಷ್ಟ್ರು ನನ್ನನ್ನು ಕಳಿಸಿದ್ದರು. ನನ್ನ ಹಾಗೆ ಬಂದಿದ್ದ ಮೇಷ್ಟ್ರುಗಳಲ್ಲದೆ ಒಬ್ಬರು ಪೋಸ್ಟ್ ಮಾಸ್ಟರು, ಮಲ್ಲಂದೂರು ಕಡೆಯ ದೊಡ್ಡ ತೋಟದ ಚಿಕ್ಕ ಸಾಹುಕಾರರು, ಇನ್ನೂ ಕೆಲವರು ಇದ್ದರು. ಚಡ್ಡಿ ಹಾಕಿ ನಿಂತ ಇವರೇ ಕಲಿಸುವವರು, ಇವರನ್ನು ನಾವೆಲ್ಲ ಶಿಬಿರದ ಮೇಷ್ಟ್ರು ಎಂದೆವು. ಕೊನೆಯವರೆಗೂ ಅವರು ನನಗೆ ಶಿಬಿರದ ಮೇಷ್ಟ್ರೇ.

ಗಂಟು ಹಾಕುವುದು, ಡೇರೆ ಹೊಡೆಯುವುದು, ಒದ್ದೆ ಸೌದೆಯಲ್ಲಿ ಒಲೆ ಹೊತ್ತಿಸುವುದು, ಇವೆಲ್ಲ ಕಲಿಸುತ್ತಾರೆಂದು ನಾನು ಹೋಗಿದ್ದೆ. ಅವೂ ಇದ್ದವು. ಆದರೆ ಮೇಷ್ಟ್ರು ಮೊದಲ ದಿನವೇ ನಮ್ಮನ್ನು ಕಣದಲ್ಲಿ ಸುತ್ತ ಕೂರಿಸಿ, "ಇಲ್ಲಿ ಇರೋವಷ್ಟು ದಿನ ನೀವ್ಯಾರೂ ದೊಡ್ಡವರಲ್ಲ. ಹುಡುಗರು. ನಿಮ್ಮಲ್ಲೇ ಒಬ್ಬರು ದಿನಾ ಮುಂದಾಳು ಆಗ್ಬೇಕು, ಉಳಿದೋರು ಅವರ ಮಾತು ಕೇಳ್ಬೇಕು" ಎಂದರು. ಆಮೇಲೆ ಒಬ್ಬೊಬ್ಬರ ಹತ್ತಿರ ಬಂದು ಕಿವಿಯಲ್ಲಿ ಒಂದೊಂದು ಮಾತು ಹೇಳಿ ಹೋಗುತ್ತಿದ್ದರು. ಪ್ರತಿಯೊಬ್ಬರೂ ಯಾವ ತರಹದ ಹುಡುಗನಾಗಬೇಕು ಎಂಬುದೇ ಆ ಮಾತು. ಪೋಸ್ಟ್ ಮಾಸ್ಟರಿಗೆ, ಮನೆ ನೆನಪಾಗಿ ಊಟ ಬಿಡುವ ಹುಡುಗನ ಪಾಲು ಬಂತು. ಅವರು ಪಾಪ ತಟ್ಟೆಯಲ್ಲಿ ಬಡಿಸಿದ್ದನ್ನು ಮರೆಯಲ್ಲಿ ನಾಯಿಗೆ ಹಾಕಿ ಬಂದು ಕೂತರು. ನಾವು ನಗುತ್ತ ಹರಟುತ್ತ ಉಂಡೆವು. ಸಂಜೆ ಮೇಷ್ಟ್ರು ಕೇಳಿದರು:

"ನಿಮ್ಮಲ್ಲಿ ಒಬ್ಬ ಬೆಳಗ್ಗಿಂದ ಉಪವಾಸ ಇದಾನೆ. ಯಾರು?"

ಯಾರಿಗೂ ಗೊತ್ತಿರಲಿಲ್ಲ. ಪಕ್ಕದಲ್ಲೇ ಕೂತು ಉಂಡಿದ್ದ ನನಗೂ ಗೊತ್ತಿರಲಿಲ್ಲ. ಮೇಷ್ಟ್ರು ಗದರಲಿಲ್ಲ. ಒಳಗೆ ಹೋಗಿ ತಾವೇ ಬಿಸಿ ಅನ್ನ, ಸಾರು ತಂದು ಪೋಸ್ಟ್ ಮಾಸ್ಟರ ಮುಂದಿಟ್ಟು, ಅವರು ಉಣ್ಣುವವರೆಗೂ ಎದುರಿಗೆ ಕೂತಿದ್ದರು. ಅವರಿಗೆ ಪಾಠ ಎಂದರೆ ಅದು.

ಅವರ ಜೊತೆಗೆ ಸಹಾಯಕ್ಕೆ ಒಬ್ಬರಿದ್ದರು. ಕಳಸದ ಹತ್ತಿರದ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರು. ಮೂವತ್ತರ ಆಸುಪಾಸು, ತೆಳ್ಳಗೆ, ಕೇಳಿದ್ದಕ್ಕಷ್ಟೇ ಉತ್ತರ. ಹಗ್ಗದ ಕೆಲಸ, ಹೊಳೆ ಹಳ್ಳ ದಾಟಿಸುವ ಕೆಲಸ ಅವರದು. ಎಲ್ಲರನ್ನೂ ಮಾರಾಯ ಎಂದು ಕರೆದು ಬೆನ್ನು ತಟ್ಟುವ ಮೇಷ್ಟ್ರು ಇವರನ್ನು ಮಾತ್ರ ಹುಷಾರಾಗಿ, ಮೆಲ್ಲಗೆ ಮಾತಾಡಿಸುತ್ತಿದ್ದರು. ಕಾಯಿಲೆ ಬಿದ್ದು ಎದ್ದವರನ್ನು ಮಾತಾಡಿಸುವ ಹಾಗೆ.

ಶಿಬಿರ ಅರ್ಧ ಕಳೆದ ಮೇಲೆ ಒಂದು ಬೆಳಗ್ಗೆ ತೋಟದ ಕೆಳಗಿನ ಹಳ್ಳಕ್ಕೆ ಹೊರಟೆವು. ಅಂದಿನ ಮುಂದಾಳು ಚಿಕ್ಕ ಸಾಹುಕಾರರು. ಧೈರ್ಯಸ್ಥರು, ದರ್ಪದವರಲ್ಲ, ಎಲ್ಲದಕ್ಕೂ ತಾವೇ ಮುಂದೆ ನುಗ್ಗುವವರು. ದಾರಿಯಲ್ಲಿ ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು: "ನಿನಗೆ ಈಜು ಬರಲ್ಲ. ಆದ್ರೆ ಬರುತ್ತೆ ಅಂತೀಯ. ಯಾರು ಕೇಳಿದ್ರೂ ಬಾಯಿ ಬಿಡಬೇಡ." ನನಗೆ ನಿಜವಾಗಿಯೂ ಈಜು ಬರುತ್ತಿರಲಿಲ್ಲ. ಸುಲಭದ ಪಾಲು ಸಿಕ್ಕಿತೆಂದು ಖುಷಿಯಾಯಿತು.

ಹಿಂದಿನ ಸಂಜೆ ಘಟ್ಟದ ಮೇಲೆ ಮಳೆ ಬಿದ್ದಿತ್ತು. ಹಳ್ಳದ ನೀರು ಕೆಂಪಗೆ, ಆದರೆ ಮೊಣಕಾಲುದ್ದ ಮಾತ್ರ. ಚಿಕ್ಕ ಸಾಹುಕಾರರು ದಂಡೆಯಲ್ಲಿ ನಿಂತು, "ಯಾರಿಗೆ ಈಜು ಬರುತ್ತೆ?" ಎಂದು ಕೇಳಿದರು. ನಾನು ಕೈ ಎತ್ತಿದೆ. "ಸರಿ, ನೀನು ಮುಂದೆ ಹೋಗಪ್ಪಾ" ಎಂದರು. ನಾನು ನೀರಿಗೆ ಇಳಿದು ಸ್ವಲ್ಪ ದೂರ ಹೋಗಿದ್ದೆ ಅಷ್ಟೆ, ಸೀಟಿ ಕೇಳಿಸಿತು.

"ನಿಂತ್ಕೋ" ಎಂದು ಮೇಷ್ಟ್ರು ಕೂಗಿದರು. "ನಿನಗೆ ಈಜು ಬರುತ್ತೇನೋ?"

"ಇಲ್ಲ ಸಾರ್."

"ಮತ್ತ್ಯಾಕೆ ಕೈ ಎತ್ತಿದೆ?"

"ನೀವೇ ಹೇಳಿದ್ರಲ್ಲ ಸಾರ್!"

ಎಲ್ಲರೂ ಗೊಳ್ಳೆಂದು ನಕ್ಕರು. ಮೇಷ್ಟ್ರು ನಗಲಿಲ್ಲ. ಚಿಕ್ಕ ಸಾಹುಕಾರರ ಕಡೆ ತಿರುಗಿ, "ಕೈ ಎತ್ತಿದ್ದನ್ನ ನಂಬಿ ಕಳಿಸಿದ್ರಿ. ಹುಡುಗರು ನಾಚಿಕೆಗೂ ಕೈ ಎತ್ತುತ್ತಾರೆ. ಕೇಳೋದಲ್ಲ, ಮೊದಲು ದಂಡೆ ಹತ್ರ ನೀರಿಗಿಳ್ಸಿ ನೋಡ್ಬೇಕು. ಅದಕ್ಕಿಂತ ಮೊದಲು ನೀವೇ ಕೋಲು ಹಿಡ್ಕೊಂಡು ಆ ಕಡೆವರೆಗೂ ಹೋಗಿ ಬರಬೇಕು" ಎಂದರು.

ಹತ್ತು ಜನರ ಮುಂದೆ ಹೇಳಿಸಿಕೊಂಡದ್ದು ಸಾಹುಕಾರರಿಗೆ ಹಿಡಿಸಲಿಲ್ಲ. "ಇಷ್ಟು ನೀರಲ್ಲಿ ಯಾರು ಸಾಯ್ತಾರೆ ಮೇಷ್ಟ್ರೆ? ಕರು ಕೂಡ ದಾಟುತ್ತೆ" ಎಂದರು.

ಹಿಂದೆ ಹಗ್ಗದ ಸುರುಳಿ ಹಿಡಿದು ನಿಂತಿದ್ದ ರೈಟರು ಮಾತಾಡಿದರು. ಯಾರೂ ಕೇಳದೆ ಅವರು ಮಾತಾಡಿದ್ದನ್ನು ನಾವು ಕಂಡದ್ದು ಅದೊಂದೇ ಸಲ.

"ನಾನು ನೋಡಿದೀನಿ ಸಾವ್ಕಾರ್ರೆ. ಕಳಸದ ಹತ್ರ, ಭದ್ರಾ ಹೊಳೇಲಿ. ಇಷ್ಟೇ ನೀರು. ಹುಡುಗರನ್ನ ಕರ್ಕೊಂಡು ಹೋಗಿದ್ದೋನು ನಾನೇ. ಯಾರಿಗೆ ಈಜು ಬರುತ್ತೆ ಅಂತ ನಾನೂ ಕೇಳ್ದೆ. ಒಬ್ಬ ಕೈ ಎತ್ತಿದ. ಮುಂದೆ ಹೋಗಪ್ಪಾ ಅಂದೆ. ನಡುವೆ ಒಂದು ಗುಂಡಿ ಇತ್ತು."

ಪೋಸ್ಟ್ ಮಾಸ್ಟರು ಮೆಲ್ಲಗೆ, "ಯಾರ ಮನೆ ಹುಡುಗ ಅವನು?" ಎಂದರು.

"ಮೇಷ್ಟ್ರ ಮಗ."

ನಾನು ಇನ್ನೂ ನೀರಲ್ಲೇ ನಿಂತಿದ್ದೆ. ನಾನು ಎತ್ತಿದ್ದು ಆ ಹುಡುಗನ ಕೈ ಎಂದು ಆಗ ಹೊಳೆಯಿತು. ಚಿಕ್ಕ ಸಾಹುಕಾರರು ತಲೆಯ ಮೇಲಿನ ಹ್ಯಾಟು ತೆಗೆದು ಮೇಷ್ಟ್ರ ಹತ್ತಿರ ಹೋದರು. "ತಪ್ಪಾಯ್ತು, ಮೇಷ್ಟ್ರೆ" ಎಂದರು. ಮೇಷ್ಟ್ರು ಅವರ ತೋಳು ಹಿಡಿದು, "ನಿಮ್ಮದೇನಿದೆ. ಇದನ್ನ ಕಲಿಯೋಕೇ ತಾನೆ ನಾವೆಲ್ಲ ಇಲ್ಲಿ ಸೇರಿರೋದು" ಎಂದರು. ಆಮೇಲೆ ಹಿಂದಕ್ಕೆ ತಿರುಗಿ, "ರೈಟರೇ, ಹಗ್ಗ ಕಟ್ಟೋದು ತೋರ್ಸಿ" ಎಂದರು. ರೈಟರು ಈ ದಂಡೆಯ ಮರಕ್ಕೆ ಹಗ್ಗ ಬಿಗಿದು, ಕೋಲಿನಿಂದ ನೀರನ್ನು ತಡವುತ್ತ ಆಚೆಗೆ ದಾಟಿದರು. ಆ ಮಧ್ಯಾಹ್ನದವರೆಗೂ ನಾವೆಲ್ಲ ಸರದಿಯಲ್ಲಿ ದಾಟಿದೆವು. ಯಾರೂ ನಗಲಿಲ್ಲ.

ಶಿಬಿರ ಮುಗಿದ ದಿನ ನಾನೂ ಮೇಷ್ಟ್ರೂ ಬಸ್ಸಿಗಾಗಿ ರಸ್ತೆಯವರೆಗೆ ಒಟ್ಟಿಗೆ ನಡೆದೆವು. ತಡೆಯಲಾರದೆ ಕೇಳಿಬಿಟ್ಟೆ: "ಆ ಈಜು ಬರದ ಹುಡುಗನ ಪಾಲು ಯಾಕೆ ಕೊಡ್ತೀರಿ ಸಾರ್? ರೈಟರಿಗೆ ಕಷ್ಟ ಆಗಲ್ವಾ?"

"ಆಗುತ್ತೆ. ನನಗೂ ಆಗುತ್ತೆ. ಬಿಟ್ರೆ ಹ್ಯಾಗೆ, ಮಾರಾಯ?"

ನಡೆಯುತ್ತ ಅವರೇ ಹೇಳಿದರು. ಆಗ ಅವರು ಕಳಸದ ಸ್ಕೂಲಿನಲ್ಲಿದ್ದರಂತೆ. ಹುಡುಗರನ್ನು ಹೊಳೆಯಾಚೆಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಇಲಾಖೆಯ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋಗಬೇಕಾಯಿತು.

"ರೈಟರು ಒಳ್ಳೆಯವರು, ಹುಡುಗರೂ ಹಚ್ಕೊಂಡಿದ್ರು. ನನ್ನ ಸೀಟಿ ಅವರ ಕೈಗೆ ಕೊಟ್ಟು ಬಸ್ಸು ಹತ್ತಿದೆ. ಏನೂ ಹೇಳಿಕೊಡ್ಲಿಲ್ಲ ನೋಡು. ಒಳ್ಳೆಯವರಾದ್ರೆ ಸಾಕು ಅಂದ್ಕೊಂಡಿದ್ದೆ. ಆಮೇಲೆ ಅವರು ಕೆಲಸ ಬಿಟ್ಟು ಮನೆ ಮೂಲೆ ಸೇರಿದ್ರು. ಬಯ್ಯೋಕೆ ಅಂತ್ಲೇ ಹೋದೆ ನಾನು. ದಾರಿಯುದ್ದ ಏನೇನು ಬಯ್ಬೇಕು ಅಂತ ಜೋಡಿಸ್ಕೊಂಡು ಹೋದೆ. ಹೋಗಿ ನೋಡಿದ್ರೆ ಮನುಷ್ಯ ಅಂತ ಗುರುತೇ ಸಿಗಲಿಲ್ಲ. ಬನ್ನಿ ನನ್ನ ಜೊತೆ ಅಂತ ಬಾಯಿಗೆ ಬಂತು."

"ನಿಮ್ಮ ಮಗ ಯಾಕೆ ಸಾರ್ ಕೈ ಎತ್ತಿದ?"

"ಸ್ಕೌಟು ಮೇಷ್ಟ್ರ ಮಗ ಅಲ್ವಾ. ಬರಲ್ಲ ಅನ್ನೋಕೆ ನಾಚಿಕೆ. ಊರ ಹುಡುಗರಿಗೆಲ್ಲ ಈಜು ಕಲ್ಸಿದೆ. ಅವನಿಗೆ ಮಾತ್ರ ಮುಂದಿನ ಬೇಸಿಗೆಗೆ ಕಲ್ಸ್ತೀನಿ, ಮುಂದಿನ ಬೇಸಿಗೆಗೆ ಕಲ್ಸ್ತೀನಿ ಅಂತ..." ಬಸ್ಸು ಬರುವ ದಾರಿಯನ್ನೇ ನೋಡುತ್ತ ನಿಂತರು. ಬಸ್ಸು ಹತ್ತುವ ಮುಂಚೆ ಇಷ್ಟು ಹೇಳಿದರು: "ನಮ್ಮ ಮನೆಗೆ ಬಾ. ಆದ್ರೆ ಅಲ್ಲಿ ರೈಟರ ಹೆಸರು ಎತ್ತಬೇಡ. ನಮ್ಮ ಮನೆಯವಳ ಕೈಲಿ ಆಗಲ್ಲ. ನಾನೂ ಒತ್ತಾಯ ಮಾಡೋಕೆ ಹೋಗಿಲ್ಲ."

ಆಮೇಲೆ ಎಷ್ಟೋ ಶಿಬಿರಗಳಿಗೆ ಅವರ ಜೊತೆ ಹೋದೆ. ಚಿಕ್ಕಮಗಳೂರಿನ ಅವರ ಮನೆಗೂ ಹೋಗಿದ್ದೇನೆ. ಮೇಷ್ಟ್ರ ಹೆಂಡತಿ, ನಾವೆಲ್ಲ ಅಮ್ಮ ಎನ್ನುತ್ತಿದ್ದವರು, ಕಾಫಿ ಕೊಟ್ಟು, ಶಿಬಿರ ಚೆನ್ನಾಗಿ ನಡೆಯಿತೇ ಎಂದಷ್ಟೇ ಕೇಳುತ್ತಿದ್ದರು. ರೈಟರು ಮೇಷ್ಟ್ರ ಸಾಮಾನು ಹೊತ್ತು ಬೀದಿಯ ತಿರುವಿನವರೆಗೆ ಬಂದು, ಅಲ್ಲಿಂದ ಅದನ್ನು ನನ್ನ ಕೈಗೆ ದಾಟಿಸಿ ಹಿಂದಿರುಗುತ್ತಿದ್ದರು.

ಯುದ್ಧದ ಕಾಲ ಬಂತು. ಬಸ್ಸುಗಳು ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಏದುಸಿರು ಬಿಡುತ್ತ ಘಟ್ಟ ಹತ್ತುತ್ತಿದ್ದವು. ಚಳಿಜ್ವರ ತೋಟದಿಂದ ತೋಟಕ್ಕೆ ಹಬ್ಬಿತ್ತು, ಕ್ವಿನೀನು ಸಿಗುವುದೇ ಕಷ್ಟವಾಗಿತ್ತು. ಒಂದು ಶಿಬಿರ ಮುಗಿಸಿ ಬಂದ ಮೇಷ್ಟ್ರು ಜ್ವರದಲ್ಲಿ ಮಲಗಿದರು. ಬಿಟ್ಟಿತು ಅನ್ನುವಾಗ ಮತ್ತೆ ಹಿಡಿಯಿತು. ನಾನು ನೋಡಲು ಹೋದಾಗ ಕಂಬಳಿಗಳ ಕೆಳಗೆ ಮೈಯೇ ಇಲ್ಲದಂತೆ ಕಾಣುತ್ತಿದ್ದರು. ಕಣ್ಣು ಹಳದಿಯಾಗಿತ್ತು. ಆದರೂ ಕೇಳಿದ್ದು ಹುಡುಗರ ವಿಷಯವನ್ನೇ.

ಹೇಳಿದೆ. ಹಿಂದಿನ ವಾರ ನಮ್ಮ ದಳದ ಹುಡುಗರನ್ನು ಕರೆದುಕೊಂಡು ಹೇಮಾವತಿ ದಾಟಿ ಆಚೆಯ ಗುಡ್ಡಕ್ಕೆ ಹೊರಟಿದ್ದೆ. ತಿಂಗಳಿಂದ ಕಾದಿದ್ದ ಹುಡುಗರು. ಹೊಳೆ ಹತ್ತಿರ ಹೋಗಿ ನೋಡಿದರೆ ನೀರು ಹೆಚ್ಚೇನೂ ಇರಲಿಲ್ಲ, ಆದರೆ ಕೋಲು ಹಾಕಿದ ಕಡೆಯೆಲ್ಲ ತಳ ಜಾರುತ್ತಿತ್ತು. ವಾಪಸು ಹೊರಡಿಸಿದೆ.

"ಬೇಜಾರಾಯ್ತೇನು ಹುಡುಗರಿಗೆ?"

"ಆಯ್ತು ಸಾರ್. ಒಬ್ಬಿಬ್ಬರು ಅತ್ತೇಬಿಟ್ರು. ಹೆದರುಪುಕ್ಕಲ ಮೇಷ್ಟ್ರು ಅಂತ ಊರಲ್ಲೂ ಅಂದ್ರು."

ಮೇಷ್ಟ್ರು ಕಂಬಳಿಯೊಳಗಿಂದ ಕೈ ತೆಗೆದು ನನ್ನ ಮಣಿಕಟ್ಟು ಹಿಡಿದುಕೊಂಡರು. ಕೆಂಡದಂತೆ ಸುಡುತ್ತಿತ್ತು.

"ಅಳ್ಲಿ ಬಿಡು. ಅಳ್ತಾ ಮನೆಗೆ ಹೋದ್ರಲ್ಲ."

ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಒಳಗೆ ಹೋಗಿಬಿಟ್ಟರು. ಮೇಷ್ಟ್ರು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಸುದ್ದಿ ಬಂದ ಬೆಳಗ್ಗೆ ಮೊದಲ ಬಸ್ಸಿಗೇ ಚಿಕ್ಕಮಗಳೂರಿಗೆ ಹೋದೆ. ಅಂಗಳದ ತುಂಬ ಜನ. ಅವರ ಹತ್ತಿರ ಕಲಿತ ಮೇಷ್ಟ್ರುಗಳು, ಪೋಸ್ಟ್ ಮಾಸ್ಟರು, ಚಿಕ್ಕ ಸಾಹುಕಾರರು ಎಲ್ಲ ಬಂದಿದ್ದರು. ರೈಟರು ಮಾತ್ರ ಆ ಬೀದಿಯ ತಿರುವಿನಲ್ಲೇ, ಯಾರದೋ ಮನೆಯ ಕಾಂಪೌಂಡಿಗೆ ಒರಗಿ ನಿಂತಿದ್ದರು. ಕಳಸದಿಂದ ಹೇಗೆ ಬಂದರೋ, ಕಾಲೆಲ್ಲ ಕೆಸರು. ಒಳಗೆ ಬನ್ನಿ ಎಂದು ನಾನು ಕರೆದರೆ ಬೇಡವೆಂದು ತಲೆಯಾಡಿಸಿದರು.

ಎತ್ತುವ ಹೊತ್ತಾಯಿತು. ಮೇಷ್ಟ್ರ ಅಣ್ಣನ ಮಗ ಬೆಂಕಿಯ ಮಡಕೆ ಹಿಡಿದು ನಿಂತಿದ್ದ. ಆಗ ಅಮ್ಮ ಎದ್ದರು. ಹೆಂಗಸರು ಹಿಡಿದುಕೊಳ್ಳಲು ಹೋದರೆ ಬಿಡಿಸಿಕೊಂಡು, ಅಂಗಳ ದಾಟಿ ಬೀದಿಗಿಳಿದು ತಿರುವಿನವರೆಗೆ ನಡೆದರು. ರೈಟರು ನೆಟ್ಟಗೆ ನಿಂತು ಕೈಮುಗಿದರು. ಅಮ್ಮ ಅವರನ್ನು ಮುಖಕ್ಕೆ ಮುಖ ಕೊಟ್ಟು ನೋಡಿದ್ದು ಅಷ್ಟು ವರ್ಷಗಳಲ್ಲಿ ಅಂದೇ ಇರಬೇಕು.

"ಅವ್ರು ನಿಮ್ಮನ್ನ ಜೊತೇಲಿಟ್ಕೊಂಡ್ರು. ನನ್ನ ಕೈಲಿ ಆಗ್ಲಿಲ್ಲ. ಇವತ್ತೂ ಆಗ್ತಿಲ್ಲ" ಎಂದರು. ದನಿ ಏರಿರಲಿಲ್ಲ. "ಆದ್ರೆ ಹೊರಗೆ ನಿಲ್ಬೇಡಿ. ಬಂದು ಹೆಗಲು ಕೊಡಿ. ಅವ್ರಿಗೆ ಬೇಕಾಗಿದ್ದು ಅದೇ."

ರೈಟರು ಬಂದರು. ಚಟ್ಟದ ಮುಂದೆ, ಬಲಗಡೆ ಹೆಗಲು ಕೊಟ್ಟರು. ಅವರ ಹಿಂದೆ ನಾನಿದ್ದೆ. ದಾರಿಯಲ್ಲಿ ಒಬ್ಬಿಬ್ಬರು ಹೆಗಲು ಬದಲಿಸಲು ಮುಂದೆ ಬಂದರೂ ಅವರು ಬಿಟ್ಟುಕೊಡಲಿಲ್ಲ. ಚಿತೆಯ ಮೇಲೆ ಇಳಿಸಿದ ಮೇಲೆಯೇ ಅವರ ಅಳು ಒಡೆದದ್ದು. ಅದನ್ನು ಇಲ್ಲಿ ಬರೆಯಲಾರೆ.

ಮೇಷ್ಟ್ರು ಹೋದ ಮೇಲೂ ಶಿಬಿರಗಳು ನಿಲ್ಲಲಿಲ್ಲ. ರೈಟರು ನಡೆಸಿದರು, ನಾನು ಜೊತೆಗಿದ್ದೆ. ನನ್ನ ಕೈಯಲ್ಲಿ ಹಾದುಹೋದ ಹುಡುಗರು ಈಗ ಗಂಡಸರಾಗಿದ್ದಾರೆ. ತೋಟ ನೋಡಿಕೊಳ್ಳುವವರು, ಪಾಠ ಹೇಳುವವರು, ಅಂಗಡಿ ಇಟ್ಟವರು. ಮೂಡಿಗೆರೆ ಪೇಟೆಯಲ್ಲಿ ಎದುರಾದರೆ ನಿಂತು ನಮಸ್ಕಾರ ಹೇಳಿ, ತಮ್ಮ ಮಕ್ಕಳನ್ನು ಮುಂದೆ ತಳ್ಳಿ ಇವರು ನಮ್ಮ ಮೇಷ್ಟ್ರು ಕಣೋ ಎನ್ನುತ್ತಾರೆ. ಅವರು ಸುರಕ್ಷಿತವಾಗಿ ಮನೆ ಸೇರಿ ಬೆಳೆದದ್ದರಲ್ಲಿ ನನ್ನದು ಎನ್ನುವಂಥದ್ದು ಹೆಚ್ಚೇನಿಲ್ಲ. ಮಕ್ಕಳ ತಲೆ ಸವರಿ ಕಳಿಸುತ್ತೇನೆ. ಆ ಅಪ್ಪಂದಿರು ಮಕ್ಕಳ ಕೈ ಹಿಡಿದು ಬೆನ್ನು ಹಾಕಿ ನಡೆಯುವಾಗ, ಮೇಷ್ಟ್ರ ಮಗನೂ ಇದ್ದಿದ್ದರೆ ಈಗ ಇಷ್ಟೇ ಎತ್ತರವಾಗುತ್ತಿದ್ದ ಎಂದು ಪ್ರತಿ ಸಲವೂ ಅನ್ನಿಸುತ್ತದೆ.