ಬಚ್ಚಲ ಹಿಂದಿನ ಗೋಡೆ

ಪುಷ್ಯ ಮಳೆ ಹಿಡಿದು ಐದನೆಯ ದಿನ ಹಿತ್ತಲ ಮಣ್ಣುಗೋಡೆ ಬಿತ್ತು. ನಾನು ರೊಟ್ಟಿ ತಟ್ಟುತ್ತಿದ್ದೆ. ಸದ್ದು ಕೇಳಿದರೂ ಎದ್ದು ನೋಡುವ ಮನಸ್ಸಾಗಲಿಲ್ಲ. ಬೀಳಲಿ, ಅದೊಂದು ಬಾಕಿ ಇತ್ತು ಅಂದುಕೊಂಡೆ.

ಹೊನ್ನಾಳಿಯಲ್ಲಿ ನಾವಿದ್ದದ್ದು ಬಾಡಿಗೆ ಮನೆ. ನಮ್ಮವರು ಅಲ್ಲಿ ಶಾಲೆ ಮೇಷ್ಟರು. ಚನ್ನಗಿರಿಯಿಂದ ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆಗೆ ಲಕ್ವ ಹೊಡೆದು ಎಡಭಾಗ ಪೂರಾ ಬಿದ್ದುಹೋಗಿತ್ತು. ಅವರನ್ನು ಎತ್ತಿ ಕೂರಿಸುವುದು, ಉಣಿಸುವುದು, ಮೈ ತೊಳೆಯುವುದು ಎಲ್ಲಾ ನನ್ನ ಪಾಲಿಗೆ. ಬಚ್ಚಲು ಅಂದರೆ ಹಿತ್ತಲಲ್ಲಿ ಒಂದು ಕಲ್ಲು ಚಪ್ಪಡಿ, ಪಕ್ಕದಲ್ಲಿ ಹಂಡೆ ಒಲೆ, ಅಷ್ಟೇ. ಅದಕ್ಕಿದ್ದ ಮರೆ ಆ ಗೋಡೆಯೊಂದೇ. ಗೋಡೆಯ ಆಚೆ ನೆರೆಯವರು ಬಂಡಿ ನಿಲ್ಲಿಸುವ ಬಯಲು. ಗಂಡಸರು ಎತ್ತು ಬಿಚ್ಚುತ್ತಾ, ಬೀಡಿ ಸೇದುತ್ತಾ ಹಗಲೆಲ್ಲ ಅಲ್ಲೇ ಇರುತ್ತಿದ್ದರು. ಗೋಡೆ ಇದ್ದರೂ ಸ್ನಾನಕ್ಕೆ ಮೊದಲು ಆಚೆ ಯಾರಾದರೂ ಇದ್ದಾರೆಯೇ ನೋಡು ಎಂದು ಅತ್ತೆ ದಿನಾ ಅನ್ನುತ್ತಿದ್ದರು.

ಗೋಡೆ ಏಳುವ ತನಕ ತನಗೆ ಸ್ನಾನ ಬೇಡ ಎಂದು ಅತ್ತೆ ಅವತ್ತೇ ಹೇಳಿಬಿಟ್ಟರು. ಒಳಗೆ ಮಣ್ಣಿನ ನೆಲ, ನೀರು ಹೋಗಲು ದಾರಿಯಿಲ್ಲ. ಸೀರೆ ಮರೆ ಕಟ್ಟೋಣ ಎಂದರೆ ಯುದ್ಧದ ಕಾಲ, ಉಡಲಿಕ್ಕೇ ಬಟ್ಟೆ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಹತ್ತು ದಿನಕ್ಕೆ ಅವರ ಬೆನ್ನಲ್ಲಿ ಹುಣ್ಣೆದ್ದಿತು. ನಸುಕಿನಲ್ಲೇ ಕೂರಿಸುತ್ತೇನೆ ಅಂದೆ. ಬಂಡಿಯವರು ನಸುಕಿಗಿಂತ ಮೊದಲೇ ಎದ್ದಿರುತ್ತಾರೆ ಅಂದರು. ಮಾತು ನಿಜ, ಆದರೆ ನನಗೆ ಸಾಕಾಗಿಹೋಗಿತ್ತು. ಈ ವಯಸ್ಸಿನಲ್ಲಿ ನಿಮ್ಮನ್ನು ಯಾರು ನೋಡುತ್ತಾರೆ ಅಂತ ಅಂದುಬಿಟ್ಟೆ. ಅವರು ಅತ್ತ ಮುಖ ಮಾಡಿ ಮಲಗಿದರು.

ಮನೆ ಮಾಲೀಕರು ನ್ಯಾಮತಿಯವರು. ನಮ್ಮವರು ಎರಡು ಸಲ ಅಲ್ಲಿಗೆ ಹೋಗಿ ಬಂದರು. ಹೋದೆಯಾ ಪುಟ್ಟ ಅಂದರೆ ಬಂದೆಯಾ ಪುಟ್ಟ. ಮಣ್ಣುಗೋಡೆ ಒಂದು ಮೊಳ ಏರಿಸಿದರೆ ಅದು ಒಣಗಿದ ಮೇಲೇ ಇನ್ನೊಂದು ಮೊಳ, ಮಳೆಯಲ್ಲಿ ಆಗುವ ಕೆಲಸವಲ್ಲ, ದೀಪಾವಳಿ ಕಳೆಯಲಿ ಅಂದರಂತೆ. ಅದೂ ಸುಳ್ಳಲ್ಲ. ಎಲ್ಲರ ಮಾತೂ ನಿಜವೇ, ಹುಣ್ಣು ಮಾತ್ರ ದಿನಾ ದೊಡ್ಡದಾಗುತ್ತಿತ್ತು.

ಕಡೆಗೆ ನಾನೇ ಜೋಳದ ದಂಟಿನ ತಟ್ಟಿ ಕಟ್ಟಿದೆ. ಗೋಡೆ ಬಿದ್ದ ಜಾಗ ಕೆಸರಾಗಿ ಗೂಟ ನಿಲ್ಲಲಿಲ್ಲ. ನೆರೆಯವರು ತಾವಾಗಿಯೇ ಹಾರೆ ತಂದು, "ಇತ್ಲಾಗೆ ಹುಗೀರಿ ಅಕ್ಕಾರೆ, ಇಲ್ಲಿ ನೆಲ ಗಟ್ಟಿ ಐತೆ" ಎಂದು ಎರಡು ಮೊಳ ನಮ್ಮ ಕಡೆಗೆ ಗುಂಡಿ ತೋಡಿಕೊಟ್ಟರು. ನಿಮ್ಮ ಹೊಟ್ಟೆ ತಣ್ಣಗಿರಲಿ ಅಂತ ಹರಸಿ ಮಜ್ಜಿಗೆ ಕೊಟ್ಟೆ. ಅತ್ತೆಗೆ ಅಂದು ಸ್ನಾನವಾಯಿತು.

ದೀಪಾವಳಿ ಕಳೆದ ಮೇಲೆ ಆ ಪುಣ್ಯಾತ್ಮ ನೆರೆಯವರು ತಟ್ಟಿಗೆ ಹೊಂದಿಸಿ ತಮ್ಮದೇ ಗೋಡೆಗೆ ಪಾಯ ತೋಡಿಸತೊಡಗಿದರು. ಮನೆಯಲ್ಲಿರುವವರು ಬೇಲಿ ಹಾಕಿ ಒಂದು ಮಳೆಗಾಲ ಬಿಟ್ಟರೆ ಗಡಿ ಅಲ್ಲಿಗೇ ಒಪ್ಪಿದಂತೆ ಅನ್ನುವುದು ನಮ್ಮ ಕಡೆಯ ವಾಡಿಕೆ. ಕೆರೆಬಿಳಚಿಯ ಒಕ್ಕಲುಮನೆಯಲ್ಲಿ ಹುಟ್ಟಿದವಳು ನಾನು, ಇದು ಗೊತ್ತಿರದೆ ಏನು? ಹೊಲಕ್ಕೆ ಗೊತ್ತಿತ್ತು. ಬಚ್ಚಲಿಗೂ ಅದೇ ಲೆಕ್ಕ ಅಂತ ಹೊಳೆಯಲಿಲ್ಲ. ನ್ಯಾಮತಿಯಿಂದ ಓಡಿಬಂದ ಮಾಲೀಕರು ನನ್ನ ಬುದ್ಧಿಗೆ ಬೆಂಕಿ ಹಾಕಿದರು. ಜಾಗ ಹೋದರೆ ಮಾರನೆಯ ದಿನವೇ ಮನೆ ಬಿಡಬೇಕು ಅಂದರು. ಲಕ್ವದ ಮುದುಕಿ ಇದ್ದಾಳೆಂದು ಆ ಊರಲ್ಲಿ ಆಗಲೇ ಎರಡು ಮನೆಯವರು ನಮಗೆ ಬಾಡಿಗೆ ಕೊಡಲು ಒಲ್ಲೆ ಅಂದಿದ್ದರು. ಹೋಗುವುದಾದರೂ ಎಲ್ಲಿಗೆ?

ಊರಿನ ನಾಲ್ವರು ಹಿರಿಯರು ಬಂದು ತಟ್ಟಿಯ ಹತ್ತಿರ ನಿಂತರು. ಗಡಿ ಇವರೇ ತೋರಿಸಿದ್ದು, ತಾನು ಗುಂಡಿ ತೋಡಿಕೊಟ್ಟೆ ಅಷ್ಟೇ ಅಂತ ನೆರೆಯವರು ಅಂದರು. ಇಷ್ಟು ಈಚೆ ಏಕೆ ಹಾಕಿದಿರಿ ಎಂದು ಹಿರಿಯರು ಕೇಳಿದರು. ನಮ್ಮವರು ನೆಲ ನೋಡಿದರು. ಮರೆಗೆ ಅಂತ ನಾನು ಅಂದೆ. ಯಾತರ ಮರೆ ಅಂದರು. ಅತ್ತೆ ಒಳಗಿದ್ದಾರೆ, ಅವರ ಸಂಗತಿ ಗಂಡಸರ ಮುಂದೆ ಹೇಗೆ ಬಿಡಿಸಿ ಹೇಳಲಿ?

ಒಳಗಿನಿಂದ ಅತ್ತೆಯೇ ಕೂಗಿದರು. ನಾವಿಬ್ಬರೂ ಎತ್ತಿ ತಂದು ಹಿತ್ತಲ ಬಾಗಿಲಲ್ಲಿ ಕೂರಿಸಿದೆವು. ಬಲಗೈಯಲ್ಲಿ ಸೆರಗು ಎಳೆದುಕೊಂಡು, ತೊದಲುತ್ತಲೇ ಹೇಳಿದರು:

"ನಾನು ಬತ್ತಲೆ ಕೂರಾಕೆ ಹಾಕಿದ್ದದು. ಸೊಸೆ ನನ್ನ ಮೈ ತೊಳೀತಾಳೆ, ಹುಣ್ಣು ತೊಳೀತಾಳೆ. ಗಡಿ ತೋರಿಸಾಕೆ ಹಾಕಿದ್ದಲ್ಲ. ಬೇಕಾದ್ರೆ ಬೆನ್ನು ತೋರಿಸ್ತೀನಿ, ನೋಡ್ರಿ."

ಯಾರೂ ತಲೆ ಎತ್ತಲಿಲ್ಲ. ಗೋಡೆ ಹಳೇ ಪಾಯದ ಮೇಲೇ ಏಳಲಿ ಎಂದು ಅವರಲ್ಲಿ ಹಿರಿಯರಾದವರು ಹೇಳಿ ಹೊರಟುಬಿಟ್ಟರು. ನೆರೆಯವರು ಹಿಂದೆಯೇ ಹೋದರು.

ಮಾಲೀಕರು ಗೋಡೆ ಕಟ್ಟಿಸಿದರು. ಮೊಳಕ್ಕೆ ಮೊಳ ಒಣಗಿಸಿ ಏರಿಸಿ, ತಿಂಗಳ ಮೇಲೆ ಆಳೆತ್ತರ ನಿಂತಿತು. ಮೊದಲ ದಿನ ಅತ್ತೆಯನ್ನು ಚಪ್ಪಡಿಯ ಮೇಲೆ ಕೂರಿಸಿ, ಎಂದಿನಂತೆ ಎದೆಯ ಮೇಲೊಂದು ಪಂಚೆ ಹೊದೆಸಲು ಹೋದೆ. ಅವರು ಅದನ್ನು ಸರಿಸಿದರು.

"ಬಿಡವ್ವ. ನಾಲ್ಕು ಮಂದಿ ಮುಂದೆ ಎಲ್ಲಾ ಹೇಳಿದ್ದಾತು. ಇನ್ನೇನು ಮುಚ್ಚಾಕೆ ಉಳಿದೈತೆ?"

ಆಮೇಲೆ ಬದುಕಿದ್ದ ಎರಡು ವರ್ಷ, ಆಚೆ ಯಾರಾದರೂ ಇದ್ದಾರೆಯೇ ನೋಡು ಎಂದು ಅವರು ಒಂದು ದಿನವೂ ಅನ್ನಲಿಲ್ಲ.