ನಿದ್ದೆ ಹೋದ ಮೊಟ್ಟೆಗಳು

ಎರಡು ಸಾವಿರದ ದಶಕದ ನಡುವಿನ ಮಾತು. ಕಲ್ಯಾಣದುರ್ಗದಲ್ಲಿ ಹುಟ್ಟಿ ಬೆಳೆದ ನಾನು ಲೇಪಾಕ್ಷಿ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದು, ದಿನಾ ಬಸ್ಸು ಹತ್ತಿ ಹಿಂದೂಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆ. ಅತ್ತೆ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುಮನೆಯಲ್ಲಿ ಅವರದೇ ದರ್ಬಾರು. ಮದುವೆಯಾಗಿ ಮೂರನೇ ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಅದು ನನಗಿಂತ ಊರಿನವರಿಗೇ ಚೆನ್ನಾಗಿ ನೆನಪಿರುತ್ತಿತ್ತು.

ಒಂದು ಸಲ ಬೆಳೆ ಭರ್ಜರಿಯಾಗಿ ಬಂತು. ಅತ್ತೆಗೆ ಆಸೆ ತಡೆಯಲಾಗಲಿಲ್ಲ. ಒಳ್ಳೆಯ ತೆನೆ ಆರಿಸಿ ರಾಗಿ ಬಿತ್ತನೆಗೆ ಇಟ್ಟುಕೊಳ್ಳುವ ಹಾಗೆ, ಗಟ್ಟಿಯಾದ ಹಳದಿ ಗೂಡುಗಳನ್ನು ಆರಿಸಿ ಮೊರದಲ್ಲಿ ಎತ್ತಿಟ್ಟರು. ಚಿಟ್ಟೆ ಬಂದವು, ಹಾಳೆಯ ಮೇಲೆ ಮೊಟ್ಟೆ ಇಟ್ಟವು. ಇನ್ನು ಸರ್ಕಾರಿ ಬಿತ್ತನೆ ಕೇಂದ್ರದಿಂದ ಮೊಟ್ಟೆ ತರುವ ಗೋಜೇ ಇಲ್ಲವೆಂದು ಅತ್ತೆ ಬೀಗಿದರು. ಆದರೆ ಮರಿ ಒಡೆಯುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಬಿಟ್ಟರೆ ಉಳಿದವೆಲ್ಲ ಬೂದಿ ಬಣ್ಣಕ್ಕೆ ತಿರುಗಿ ಸುಮ್ಮನೆ ಕೂತಿದ್ದವು. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳುಗಳಿಲ್ಲದೆ ಬಲಿಯುತ್ತಿತ್ತು.

ಅತ್ತೆ ಬಾಯಿ ಬಿಟ್ಟು ಬೈಯಲಿಲ್ಲ. ಹುಳುಮನೆ ಬಾಗಿಲಲ್ಲಿ ನನ್ನನ್ನು ತಡೆದು, "ನೀನು ಒಳೀಕೆ ಬರಬ್ಯಾಡ ಕಣಮ್ಮ" ಅಂದರು, ಅಷ್ಟೆ. ಮಕ್ಕಳಿಲ್ಲದವಳ ನೆರಳು ಬಿತ್ತು ಎಂಬ ಅರ್ಥ ನನಗೆ ತಿಳಿಯದೆ ಇದ್ದೀತೆ? ಮೈಯೆಲ್ಲ ಉರಿದುಹೋಯಿತು. ಅವರನ್ನು ದಾಟಿಕೊಂಡು ಒಳಗೆ ಹೋಗಿ ಹಾಳೆ ಕೈಗೆತ್ತಿಕೊಂಡೆ.

"ಇವು ಸತ್ತಿಲ್ಲ ಕಣತ್ತೆ, ಮಲಗವೆ."

"ಮಲಗಾಕೆ ಇವೇನು ಕೂಸಾ?"

ಪಾಠದ ಹುರುಪಿನಲ್ಲೇ ಹೇಳಿದೆ. ಒಡೆಯಬೇಕೋ, ತಿಂಗಳುಗಟ್ಟಲೆ ಮಲಗಬೇಕೋ ಎಂಬುದು ಮೊಟ್ಟೆಯ ಕೈಯಲ್ಲಿಲ್ಲ. ತಾಯಿ ಇನ್ನೂ ಗೂಡಿನೊಳಗಿರುವಾಗಲೇ ಅದರ ತಲೆಯಲ್ಲಿನ ನರಗಂಟಿನಿಂದ ಒಂದು ಹಾರ್ಮೋನು ರಕ್ತಕ್ಕಿಳಿದು, ಹೊಟ್ಟೆಯೊಳಗೆ ಬೆಳೆಯುತ್ತಿರುವ ಮೊಟ್ಟೆಗಳಿಗೆ ಮಲಗಿ ಎಂದು ಅಪ್ಪಣೆ ಕೊಡುತ್ತದೆ. ಎಲ್ಲ ತಾಯಿಯಿಂದ.

ಅತ್ತೆಗೆ ಸಿಟ್ಟು ಬಂತು. "ಹುಳದಾಗೂ ತಪ್ಪೆಲ್ಲ ತಾಯಿ ತಲೆಗೇ ಕಟ್ಬುಟ್ರಾ, ನೀವು ಓದಿದೋರು?"

ನನಗೆ ನಗು ಬಂದುಬಿಟ್ಟಿತು. "ಪೂರ್ತಿ ಕೇಳಿ ಅತ್ತೆ. ಕೇಂದ್ರದ ಮೊಟ್ಟೆಗೆ ತಾಯಿ ನಾಟಿ ತಳಿ, ಅವಳ ಮೊಟ್ಟೆ ಮಲಗಲ್ಲ. ತಂದೆ ಬಿಳಿ ಗೂಡಿನ ತಳಿ, ಆ ವಂಶದ್ದು ಮಲಗ್ತದೆ. ನೀವು ಎತ್ತಿಟ್ಟಿದ್ದು ಇವರಿಬ್ಬರ ಮಗಳನ್ನ, ಈ ಮೊಟ್ಟೆ ಇಟ್ಟ ತಾಯಿ ಅವಳೇ. ಆ ಗುಣ ಹೊರೋ ಝಡ್ ಕ್ರೋಮೋಸೋಮು ಹೆಣ್ಣು ಚಿಟ್ಟೆಗೆ ಒಂದೇ ಇರೋದು, ಅದು ಅಪ್ಪನಿಂದ್ಲೇ ಬತ್ತದೆ."

ಅತ್ತೆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಂದ್ರೆ ಯಾರ ನೆಳ್ಳೂ ಬಿದ್ದಿಲ್ಲ?"

"ಇಲ್ಲ."

"ಎಲ್ಲ ಅಪ್ಪಂದೇ ಕರಾಮತ್ತು?"

"ಹೂಂ ಅತ್ತೆ."

"ಹಂಗೇಳು ಮತ್ತೆ!" ಅತ್ತೆ ಕುಲುಕುಲು ನಕ್ಕರು. "ನಿಂತ್ಕಂಡೇನು ಮಾಡ್ತೀಯ, ಒಡೆದಿರೋ ನಾಕು ಮರಿಗೆ ಸೊಪ್ಪು ಹೆಚ್ಚು ಬಾ." ಇಬ್ಬರೂ ಕೂತು ಎಳೆ ಸೊಪ್ಪು ಹೆಚ್ಚಿದೆವು. ಅಷ್ಟು ಹಾಯಾಗಿ ಆ ಮನೆಯಲ್ಲಿ ನಾನು ಅದುವರೆಗೆ ಕೂತಿರಲಿಲ್ಲ.

ಕೆಲವು ದಿನಗಳಾದ ಮೇಲೆ ರೊದ್ದಂನಿಂದ ಅತ್ತೆಯ ಅಕ್ಕ ಬಂದರು. ಕಾಫಿ ಲೋಟ ಕೊಡುತ್ತಿದ್ದ ಹಾಗೇ ನನ್ನ ಹೊಟ್ಟೆಯತ್ತ ಕಣ್ಣು ಹಾಯಿಸಿ, "ಏಮಮ್ಮಾ, ಏನಾರ ವಿಸೇಸವಾ?" ಎಂದರು. ಯಾರು ಹಾಗೆ ಕೇಳಿದರೂ ಅತ್ತೆ ಬೇರೆ ಕಡೆ ನೋಡುತ್ತಿದ್ದರು, ನಾನು ತಲೆ ತಗ್ಗಿಸುತ್ತಿದ್ದೆ. ಆವತ್ತು ನಾನು ತಲೆ ತಗ್ಗಿಸುವಷ್ಟರಲ್ಲಿ ಅತ್ತೆ, ನನ್ನ ಗಂಡ ಪೇಪರ್ ಓದುತ್ತ ಕೂತಿದ್ದ ಜಗಲಿಯತ್ತ ಕೈ ತೋರಿಸಿದರು.

"ಯಾವಾಗ್ಲೂ ಅವಳನ್ನೇ ಯಾಕೆ ಕೇಳ್ತೀಯಕ್ಕ? ಅಗೋ, ಅಲ್ಲಿ ಕುಂತವ್ನಲ್ಲ, ಅವನ್ನ ಕೇಳು."